ಜೊಯಿಡಾದ ಒಂದು ಗಂಟೆಗೆ ಎಷ್ಟು ಬೆಲೆ?



ಇವತ್ತು ನಿಮಗೆ ಒಂದು ಪ್ರಶ್ನೆ. ನಿಮ್ಮ ಒಂದು ಗಂಟೆಗೆ ಎಷ್ಟು ಬೆಲೆ?

ಇದೇನು ಪ್ರಶ್ನೆ ಅಂತ ನಗಬೇಡಿ. ನೀವು ಯೋಚನೆ ಮಾಡಿರಲಿಕ್ಕಿಲ್ಲ, ಆದರೆ ನಿಮ್ಮ ಪರವಾಗಿ ಬೇರೆಯವರು ಯೋಚನೆ ಮಾಡಿ ಆಗಿದೆ. ಒಂದು ರಸ್ತೆಯನ್ನು ನಾಲ್ಕು ಪಥ ಮಾಡಬೇಕೋ ಬೇಡವೋ, ಒಂದು ಸೇತುವೆ ಕಟ್ಟಬೇಕೋ ಬೇಡವೋ ಅಂತ ತೀರ್ಮಾನಿಸುವಾಗ ಇಂಜಿನಿಯರುಗಳು ಲೆಕ್ಕ ಹಾಕ್ತಾರೆ. ಈ ರಸ್ತೆಯಾದರೆ ಎಷ್ಟು ಡೀಸೆಲ್ ಉಳಿಯುತ್ತೆ, ಎಷ್ಟು ಟಯರ್ ಉಳಿಯುತ್ತೆ, ಜನರ ಎಷ್ಟು ಸಮಯ ಉಳಿಯುತ್ತೆ. ಆ ಸಮಯವನ್ನು ರೂಪಾಯಿ ಮಾಡ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಒಂದು ಕೈಪಿಡಿ ಇದೆ, ಎಸ್‌ಪಿ-30 ಅಂತ. ಅದರಲ್ಲಿ ಕಾರಿನಲ್ಲಿ ಕೂತವರ ಗಂಟೆಗೆ ಒಂದು ಬೆಲೆ, ಬೈಕಿನವರಿಗೆ ಒಂದು ಬೆಲೆ, ಬಸ್ಸಿನವರಿಗೆ ಇನ್ನೊಂದು ಬೆಲೆ. ಕಾರಿನ ಗಂಟೆ ದುಬಾರಿ, ಬಸ್ಸಿನ ಗಂಟೆ ಅಗ್ಗ. ತಲೆ ಮೇಲೆ ಗಂಟು ಹೊತ್ತು ರಸ್ತೆ ಬದಿಯಲ್ಲಿ ನಡೆದು ಹೋಗುವವರು ಸಾಮಾನ್ಯವಾಗಿ ಈ ಲೆಕ್ಕಕ್ಕೇ ಬರುವುದಿಲ್ಲ.

ಹೀಗೆ ಎಲ್ಲ ಲಾಭ ಕೂಡಿ, ಖರ್ಚು ಕಳೆದು, ಹೂಡಿದ ಹಣಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 12ರಷ್ಟು ಪ್ರತಿಫಲ ಬಂದರೆ ಯೋಜನೆ ಪಾಸು. ಬರದಿದ್ದರೆ ಕಡತ ಕಪಾಟಿಗೆ.

ಈಗ ಈ ಲೆಕ್ಕವನ್ನು ಹಿಡಿದುಕೊಂಡು ಉತ್ತರ ಕನ್ನಡದ ಘಟ್ಟದ ಮೇಲೆ ಹೋಗೋಣ ಬನ್ನಿ. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ. ನಾಲ್ಕು ತಾಲ್ಲೂಕು, ಒಂದೇ ಜಿಲ್ಲೆ. ಜಿಲ್ಲಾಕೇಂದ್ರ ಕಾರವಾರ ಕೆಳಗೆ ಸಮುದ್ರದ ದಂಡೆಯಲ್ಲಿ. ಮುಂಡಗೋಡದವರಿಗೆ ಅದು ನೂರು ಕಿಲೋಮೀಟರಿಗೂ ದೂರ. ಅವರಿಗೆ ಹತ್ತಿರದ ದೊಡ್ಡ ಊರು ಹುಬ್ಬಳ್ಳಿ. ಹಳಿಯಾಳದವರಿಗೆ ಧಾರವಾಡ. ಜೊಯಿಡಾದ ಕೂಲಿಯವರು ದುಡಿಯಲು ಹೋಗುವುದು ಗೋವಾಕ್ಕೆ. ಆಸ್ಪತ್ರೆ ಒಂದು ದಿಕ್ಕಿಗೆ, ಕಚೇರಿ ಇನ್ನೊಂದು ದಿಕ್ಕಿಗೆ, ದುಡಿಮೆ ಮತ್ತೊಂದು ದಿಕ್ಕಿಗೆ. ಇಂಥ ಊರುಗಳಲ್ಲಿ ಪ್ರಯಾಣ ಅನ್ನುವುದು ಹವ್ಯಾಸ ಅಲ್ಲ ಸ್ವಾಮಿ, ಬದುಕಿನ ಒಂದು ಖರ್ಚು.

ಈ ರಸ್ತೆಗಳಲ್ಲಿ ಯಾರ್ಯಾರು ಓಡಾಡ್ತಾರೆ ನೋಡಿ. ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದದ ಕಾರ್ಖಾನೆ ಇದೆ, ಅದರ ಲಾರಿಗಳಿವೆ, ಕಾರ್ಮಿಕರಿದ್ದಾರೆ. ಶನಿವಾರ ಬಂತೆಂದರೆ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಲು ಬೆಂಗಳೂರು, ಪುಣೆ, ಬೆಳಗಾವಿಯಿಂದ ಕಾರುಗಳ ಸಾಲು. ಹಳಿಯಾಳದಲ್ಲಿ ಭತ್ತ, ಕಬ್ಬು, ಕಬ್ಬಿನ ಟ್ರ್ಯಾಕ್ಟರುಗಳು, ಧಾರವಾಡಕ್ಕೆ ಓದಲು ಹೋಗುವ ಮಕ್ಕಳು. ಮುಂಡಗೋಡದಲ್ಲಿ 1966ರಿಂದ ಟಿಬೇಟಿಯನ್ನರ ನೆಲೆ, ಅವರ ದೊಡ್ಡ ಬೌದ್ಧ ಮಠಗಳು, ಅಲ್ಲಿಗೆ ದೇಶವಿದೇಶದಿಂದ ಬರುವವರು. ಅದೇ ಸೀಮೆಯ ಕಾಡಂಚಿನಲ್ಲಿ ಗೌಳಿ ದಡ್ಡಿಗಳು, ಸಿದ್ದಿಗಳ ಕೇರಿಗಳು. ಇನ್ನು ಜೊಯಿಡಾ. ಹಳೆಯ ಹೆಸರು ಸೂಪಾ. ಸೂಪಾ ಊರೇ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಜನ ರಾಮನಗರಕ್ಕೆ ಹೋದರು. ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ತಾಲ್ಲೂಕುಗಳಲ್ಲಿ ಒಂದು, ಜನ ಮಾತ್ರ 50 ಸಾವಿರದ ಆಸುಪಾಸು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ ಸರಾಸರಿ 319 ಜನ. ಜೊಯಿಡಾದಲ್ಲಿ 30 ಜನರೂ ಇಲ್ಲ. ಕುಣಬಿಗಳ ಹಳ್ಳಿಗಳು ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ.

ರಸ್ತೆ ಒಂದೇ. ಜೇಬು ಬೇರೆ ಬೇರೆ. ಇವತ್ತಿನ ಮಾತು ಅದೇ.

ಮೊದಲು, ಜೇಬು ಹೇಗೆ ಪ್ರಯಾಣವನ್ನು ತೀರ್ಮಾನಿಸುತ್ತೆ ಅಂತ ನೋಡೋಣ. ಮುಂಡಗೋಡದ ಹಳ್ಳಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಹೋಗಿಬರಲು 140 ರೂಪಾಯಿ ಆಗುತ್ತೆ ಅಂದುಕೊಳ್ಳಿ. ತಿಂಗಳಿಗೆ ಒಂದೂವರೆ ಲಕ್ಷ ಸಂಬಳ ಇರುವವನಿಗೆ ಇದು ದಿನದ ಗಳಿಕೆಯಲ್ಲಿ ಶೇ. 2ರ ಆಜುಬಾಜು. ಅವನು ಟಿಕೆಟ್ ದರ ಎಷ್ಟು ಅಂತಲೂ ನೋಡುವುದಿಲ್ಲ. ಬಸ್ಸು ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಮಾತ್ರ ನೋಡ್ತಾನೆ. ತಡವಾಗುತ್ತೆ ಅನಿಸಿದರೆ ಕಾರು ತೆಗೀತಾನೆ. ಈಗ ನರೇಗಾ ಕೂಲಿಗೆ ಹೋಗುವ ಹೆಣ್ಣುಮಗಳನ್ನು ತಗೊಳ್ಳಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದರಲ್ಲಿ 140 ಟಿಕೆಟ್ಟಿಗೇ ಹೋದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಜೊತೆಗೆ ಆಸ್ಪತ್ರೆಗೆ ಹೋದ ದಿನ ಕೂಲಿಯೂ ಇಲ್ಲ. ಅವಳು ಏನು ಮಾಡ್ತಾಳೆ? ಕಾರೋ ಬಸ್ಸೋ ಅಂತ ಯೋಚನೆ ಮಾಡುವುದಿಲ್ಲ. ಹೋಗಬೇಕೋ ಬೇಡವೋ ಅಂತ ಯೋಚನೆ ಮಾಡ್ತಾಳೆ. ಬಹಳ ಸಲ ಮುಂದಿನ ವಾರ ನೋಡೋಣ ಅಂತ ಸುಮ್ಮನಾಗ್ತಾಳೆ.

ಇದನ್ನು ವಿಜ್ಞಾನ ಮಾಡಿದವರು ಇದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್. 2000ನೇ ಇಸವಿಯಲ್ಲಿ ನೊಬೆಲ್ ಬಂತು. 1970ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಬಾರ್ಟ್ ಅನ್ನುವ ಹೊಸ ರೈಲು ಬರುವ ಹೊತ್ತಿಗೆ, ಕೆಲಸಕ್ಕೆ ಹೋಗುವವರಲ್ಲಿ ಎಷ್ಟು ಜನ ರೈಲು ಹತ್ತಬಹುದು ಅಂತ ಲೆಕ್ಕ ಹಾಕಿದರು. ಅಧಿಕೃತ ಅಂದಾಜು ಶೇ. 15 ಇತ್ತು. ಮೆಕ್‌ಫ್ಯಾಡನ್ ತಂಡ ಶೇ. 6.3 ಅಂದಿತು. ರೈಲು ಓಡಿದ ಮೇಲೆ ನಿಜವಾಗಿ ಬಂದದ್ದು ಶೇ. 6.2. ಅವರ ಲೆಕ್ಕದ ಒಂದು ಗುಟ್ಟು ಏನು ಗೊತ್ತಾ? ಟಿಕೆಟ್ಟಿನ ದರವನ್ನು ಹಾಗೇ ತಗೊಳ್ಳಲಿಲ್ಲ. ಪ್ರಯಾಣದ ಖರ್ಚನ್ನು ಆ ಮನುಷ್ಯನ ಗಳಿಕೆಯಿಂದ ಭಾಗಿಸಿದರು. ಹತ್ತು ರೂಪಾಯಿ ಎಲ್ಲರಿಗೂ ಹತ್ತು ರೂಪಾಯಿ ಅಲ್ಲ ಅನ್ನುವ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತನ್ನೇ ಗಣಿತಕ್ಕೆ ತಂದರು.

ನಮ್ಮ ಕಡೆಯ ಉದಾಹರಣೆ ಬೇಕೇ? ದಾಂಡೇಲಿ ರೈಲನ್ನೇ ನೋಡಿ. ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರ ಕಾಲದಲ್ಲಿ ಹಳಿ ಹಾಕಿದರು. ಯಾರಿಗಾಗಿ? ಜನರಿಗಾಗಿ ಅಲ್ಲ, ಕಾಡಿನ ಮರಕ್ಕಾಗಿ. ಮುಂದೆ ಪ್ಯಾಸೆಂಜರ್ ರೈಲೂ ಓಡಿತು. ಆಮೇಲೆ ಅದು ನಿಂತಿತು. ಸರಕು ಓಡಾಡಿತು, ಜನರಿಗೆ ಇಲ್ಲ. ವರ್ಷಗಟ್ಟಲೆ ಹೋರಾಟ ಆದಮೇಲೆ 2019ರ ನವೆಂಬರ್‌ನಲ್ಲಿ ಮತ್ತೆ ಅಂಬೇವಾಡಿಗೆ, ಅಂದರೆ ದಾಂಡೇಲಿಗೆ ಪ್ಯಾಸೆಂಜರ್ ರೈಲು ಬಂತು. ನಾಲ್ಕೇ ತಿಂಗಳಲ್ಲಿ ಕೋವಿಡ್ ಬಂತು, ದೇಶದ ಎಲ್ಲ ಪ್ಯಾಸೆಂಜರ್ ರೈಲುಗಳು ನಿಂತವು. ಆಮೇಲೆ ದೇಶದಲ್ಲಿ ಪ್ಯಾಸೆಂಜರ್ ರೈಲುಗಳು ಮತ್ತೆ ಶುರುವಾದಾಗ ಎಕ್ಸ್‌ಪ್ರೆಸ್ ದರ ಹಾಕಿದರು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ರೂಪಾಯಿ ಆಯಿತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು. ಹತ್ತರಿಂದ ಮೂವತ್ತು ಅಂದರೆ ಕಾರಿನವನಿಗೆ ಒಂದು ಚಹಾದ ವ್ಯತ್ಯಾಸ. ಸೊಪ್ಪು ಮಾರಲು ಹೋಗುವವಳಿಗೆ ಆ ದಿನದ ಲಾಭವೇ ಅದು. ರೈಲು ಖಾಲಿ ಓಡಿದರೆ "ಇಲ್ಲಿ ಬೇಡಿಕೆಯೇ ಇಲ್ಲ" ಅಂತ ಬರೀತಾರೆ. ಬೇಡಿಕೆ ಇಲ್ಲವೋ, ಕಾಸಿಲ್ಲವೋ? ಕೇಳುವವರು ಯಾರು?

ಕೇಳದೆ ಇದ್ದರೂ ಉತ್ತರ ಒಮ್ಮೆ ಸಿಕ್ಕಿತು. 2023ರ ಜೂನ್ 11. ಶಕ್ತಿ ಯೋಜನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಅದರ ರಾಜಕೀಯ ಈಗ ಬೇಡ, ಅದಕ್ಕೆ ಬೇರೆ ದಿನ ಜಗಳ ಮಾಡೋಣ. ಅಂಕಿ ಮಾತ್ರ ನೋಡಿ. ಯೋಜನೆಗೆ ಮೊದಲು ರಾಜ್ಯದ ನಾಲ್ಕೂ ನಿಗಮಗಳ ಬಸ್ಸಿನಲ್ಲಿ ದಿನಕ್ಕೆ ಸುಮಾರು 85 ಲಕ್ಷ ಪ್ರಯಾಣ. ಆಮೇಲೆ ಒಂದು ಕೋಟಿ ದಾಟಿತು. ಆ ಹೆಚ್ಚಿನವರು ಎಲ್ಲಿದ್ದರು ಸ್ವಾಮಿ? ಆಕಾಶದಿಂದ ಉದುರಿದರಾ? ಕೆಲವರು ಟಂಟಂನಲ್ಲಿ, ಟೆಂಪೋದಲ್ಲಿ ಹೋಗುತ್ತಿದ್ದರು. ಕೆಲವರು ನಡೆಯುತ್ತಿದ್ದರು. ಕೆಲವರು ಮನೆಯಲ್ಲೇ ಇದ್ದರು. ಧರ್ಮಸ್ಥಳಕ್ಕೆ ಹೋದರು ಅಂತ ಗೇಲಿ ಮಾಡಿದರು. ಹೋಗಲಿ ಬಿಡಿ, ದೇವರನ್ನು ನೋಡುವ ಆಸೆ ಕಾರಿದ್ದವರಿಗೆ ಮಾತ್ರ ಇರಬೇಕಾ? ಆದರೆ ಅದೇ ಬಸ್ಸಿನಲ್ಲಿ ತವರಿಗೆ, ಆಸ್ಪತ್ರೆಗೆ, ಪಕ್ಕದ ಊರಿನ ಕೂಲಿಗೆ, ಕಾಲೇಜಿಗೆ ಹೋದವರೂ ಇದ್ದಾರೆ. ಆ ಪ್ರಯಾಣಗಳು ಅದಕ್ಕೂ ಮೊದಲು ಯಾವ ಸಮೀಕ್ಷೆಯಲ್ಲೂ ಕಾಣಿಸಿರಲಿಲ್ಲ. ಮಾಡದ ಪ್ರಯಾಣವನ್ನು ಯಾರು ಎಣಿಸ್ತಾರೆ?

ಇನ್ನೊಂದು ಮಾತನ್ನೂ ಹೇಳಲೇಬೇಕು. ಟಿಕೆಟ್ ಸೊನ್ನೆ ಆದರೆ ಸಾಲದು, ಬಸ್ಸೂ ಇರಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬರುವ ಹಳ್ಳಿಗೆ, ವಸ್ತಿ ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದ ಹಾಗಿರುವ ಹಳ್ಳಿಗೆ, ಸೊನ್ನೆ ಟಿಕೆಟ್ಟಿನ ಲಾಭವೂ ಅರ್ಧವೇ. ಗಂಡಸರಿಗೆ 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿತು. ಕೂಲಿಗೆ ಹೋಗುವ ಗಂಡಸಿನ ಜೇಬೂ ಅದೇ ಜೇಬು, ಅದನ್ನೂ ಮರೆಯಬೇಡಿ.

ಇದು ಮೊದಲನೇ ಅಧ್ಯಾಯ. ಯಾರು ಯಾವುದರಲ್ಲಿ ಹೋಗ್ತಾರೆ ಅಂತ ಊಹಿಸಬೇಕಾದರೆ ಜೇಬು ನೋಡಲೇಬೇಕು. ನೋಡದೆ ಊಹಿಸಿದರೆ ಲೆಕ್ಕ ತಪ್ಪುತ್ತೆ.

ಎರಡನೇ ಅಧ್ಯಾಯ ಇನ್ನೂ ಮುಖ್ಯ. ಯಾವ ಯೋಜನೆ ಒಳ್ಳೆಯದು ಅಂತ ಬೆಲೆ ಕಟ್ಟುವುದು. ಇಲ್ಲಿಯೂ ಜೇಬು ನೋಡಿದರೆ ಏನಾಗುತ್ತೆ?

ಒಂದು ಲೆಕ್ಕ ಮಾಡೋಣ. ಇದು ಕೈಪಿಡಿಯ ಅಂಕಿ ಅಲ್ಲ, ತರ್ಕ ತೋರಿಸಲು ನಾನು ಹಾಕಿದ ಲೆಕ್ಕ. ಕೂಲಿ ದಿನಕ್ಕೆ 370. ಎಂಟು ಗಂಟೆ ಅಂದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ತಿಂಗಳಿಗೆ ಒಂದೂವರೆ ಲಕ್ಷ ಗಳಿಸುವವನು 25 ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ ಅವನ ಗಂಟೆಗೆ 750. ಅಂದರೆ ಅವನ ಅರ್ಧ ಗಂಟೆ, ಅವಳ ಇಡೀ ದಿನಕ್ಕೆ ಸಮ.

ಈಗ ಎರಡು ಕಾಮಗಾರಿ ಇವೆ ಅಂದುಕೊಳ್ಳಿ. ಒಂದು, ರೆಸಾರ್ಟ್‌ಗಳ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುವುದು. ಒಂದು ಕಾರಿನಲ್ಲಿ ನಾಲ್ಕು ಜನ, ತಲಾ ಅರ್ಧ ಗಂಟೆ ಉಳಿತಾಯ. ಲಾಭ 1,500 ರೂಪಾಯಿ. ಇನ್ನೊಂದು, ಹಳ್ಳಿಯ ಒಂದು ಹಳ್ಳಕ್ಕೆ ಸೇತುವೆ. ಮಳೆಗಾಲದಲ್ಲಿ ಬಸ್ಸು ಸುತ್ತು ಹಾಕುವುದು ತಪ್ಪುತ್ತೆ. ಬಸ್ಸಿನಲ್ಲಿ 30 ಕೂಲಿಯವರು, ತಲಾ ಒಂದು ಗಂಟೆ ಉಳಿತಾಯ. ಲಾಭ ಎಷ್ಟು? 1,388 ರೂಪಾಯಿ. ನೋಡಿದಿರಾ? ಒಂದು ಕಾರು ಒಂದು ಬಸ್ಸನ್ನು ಸೋಲಿಸಿತು. ಅಲ್ಲಿ ಉಳಿದದ್ದು ಒಟ್ಟು ಎರಡು ಗಂಟೆ, ಇಲ್ಲಿ ಮೂವತ್ತು ಗಂಟೆ. ಆದರೂ ಕಾಗದದ ಮೇಲೆ ಕಾರು ಗೆದ್ದಿತು.

ರಜೆಯಲ್ಲಿ ಬಂದವನ ಸಮಯವನ್ನು ಪೂರ್ತಿ ಸಂಬಳದಲ್ಲಿ ಅಳೆಯುವುದಿಲ್ಲ ಅಂತ ತಜ್ಞರು ಹೇಳಬಹುದು. ಸರಿ, ಅರ್ಧ ಮಾಡಿ. ಅದೇ ನಿಯಮದಲ್ಲಿ ಕೂಲಿಯಿಂದ ಮನೆಗೆ ಬರುವವಳದೂ ಅರ್ಧ ಆಗುತ್ತೆ. ಪ್ರಮಾಣ ಬದಲಾಗುವುದಿಲ್ಲ. ಇನ್ನು ಕಾಯಿಲೆಯ ಮುದುಕಿ, ಶಾಲೆಯ ಹುಡುಗಿ, ಮಗುವನ್ನು ಎತ್ತಿಕೊಂಡ ತಾಯಿ? ಅವರಿಗೆ ಗಳಿಕೆಯೇ ಇಲ್ಲ. ಗಳಿಕೆಯಿಂದಲೇ ಅಳೆದರೆ ಅವರ ಗಂಟೆಗೆ ಬೆಲೆಯೇ ಇಲ್ಲ.

ಈ ತರ್ಕ ಹಳೆಯದು. 1844ರಲ್ಲಿ ಫ್ರಾನ್ಸಿನ ಇಂಜಿನಿಯರ್ ಜೂಲ್ಸ್ ಡ್ಯುಪ್ಯುಯಿ ಸೇತುವೆಯ ಉಪಯೋಗವನ್ನು ಅಳೆಯುವುದು ಹೇಗೆ ಅಂತ ಕೇಳಿದ. ದಾಟಲು ಜನ ಎಷ್ಟು ಕೊಡಲು ತಯಾರಿದ್ದಾರೋ ಅದೇ ಉಪಯೋಗದ ಅಳತೆ ಅಂದ. ಬುದ್ಧಿವಂತಿಕೆಯ ಮಾತು. ಇವತ್ತಿಗೂ ಅದೇ ಅಡಿಪಾಯ. ಆದರೆ "ಕೊಡಲು ತಯಾರಿರುವುದು" ಅನ್ನುವುದರೊಳಗೆ "ಕೊಡಲು ಶಕ್ತಿ ಇರುವುದು" ಅಡಗಿ ಕೂತಿದೆ. ಸೇತುವೆ ಎಷ್ಟು ಬೇಕು ಅಂತ ಕೇಳಿದರೆ ಇಲ್ಲದವನೇ ಗಟ್ಟಿಯಾಗಿ ಕೂಗ್ತಾನೆ. ಎಷ್ಟು ಕೊಡ್ತೀಯಾ ಅಂತ ಕೇಳಿದರೆ ಅವನ ದನಿ ಅಡಗುತ್ತೆ.

ಇದು ನಮ್ಮ ದೇಶದ ಖಾಯಿಲೆ ಮಾತ್ರ ಅಲ್ಲ. 1968ರಲ್ಲಿ ಬ್ರಿಟನ್ ಸರ್ಕಾರ ಲಂಡನ್ನಿನ ಮೂರನೇ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕಲು ರೋಸ್ಕಿಲ್ ಆಯೋಗ ಮಾಡಿತು. ಆಯೋಗ ಎಲ್ಲವನ್ನೂ ಹಣದಲ್ಲಿ ಅಳೆಯಿತು. ವಿಮಾನ ಪ್ರಯಾಣಿಕರು ನಿಲ್ದಾಣ ತಲುಪುವ ಸಮಯ ಆ ಲೆಕ್ಕದಲ್ಲಿ ಭಾರೀ ತೂಕ ಪಡೆಯಿತು. ಹಾಗಾಗಿ ಒಳನಾಡಿನ ಕಬ್ಲಿಂಗ್ಟನ್ ಒಳ್ಳೆಯದು ಅಂದಿತು. ಆಯೋಗದ ಸದಸ್ಯರಲ್ಲೇ ಒಬ್ಬರು, ಕಾಲಿನ್ ಬುಕ್ಯಾನನ್, ಒಪ್ಪಲಿಲ್ಲ. 1971ರಲ್ಲಿ ಸರ್ಕಾರವೂ ಆ ಶಿಫಾರಸನ್ನು ತಳ್ಳಿಹಾಕಿತು. ಲೆಕ್ಕ ಎಷ್ಟು ಉದ್ದ ಇದ್ದರೂ ಯಾರ ಸಮಯಕ್ಕೆ ಎಷ್ಟು ತೂಕ ಅನ್ನುವುದು ಮೊದಲೇ ತೀರ್ಮಾನವಾಗಿದ್ದರೆ ಉತ್ತರವೂ ಮೊದಲೇ ತೀರ್ಮಾನವಾದ ಹಾಗೆ.

ಅದೇ ಬ್ರಿಟನ್ ಇನ್ನೊಂದು ದಾರಿಯನ್ನೂ ತೋರಿಸಿದೆ. ಕಚೇರಿ ಕೆಲಸದ ಮೇಲಿನ ಓಡಾಟ ಬಿಟ್ಟು, ಉಳಿದ ಪ್ರಯಾಣಕ್ಕೆ ಅಲ್ಲಿನ ಸಾರಿಗೆ ಇಲಾಖೆ ದೇಶಕ್ಕೆಲ್ಲ ಒಂದೇ ಸರಾಸರಿ ಬೆಲೆ ಇಡುತ್ತೆ. ಶ್ರೀಮಂತರ ಬಡಾವಣೆಗೂ ಅದೇ, ಬಡವರ ಬಡಾವಣೆಗೂ ಅದೇ. ಕಾರಣ ಸರಳ. ಇಲ್ಲದಿದ್ದರೆ ರಸ್ತೆಗಳೆಲ್ಲ ಉಳ್ಳವರ ಮನೆ ಕಡೆಗೇ ಹೋಗ್ತವೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಕೆಲವು ಅರ್ಥಶಾಸ್ತ್ರಜ್ಞರು ಹೇಳ್ತಾರೆ: ಬಡವರ ಸಮಯಕ್ಕೆ ಹೆಚ್ಚು ಬೆಲೆ ಕಟ್ಟಿ ಅವರಿಗೆ ವೇಗದ, ದುಬಾರಿ ಬಸ್ಸು ಕೊಟ್ಟರೆ ಅವರು ಹತ್ತುವುದಿಲ್ಲ, ಅವರಿಗೆ ಬೇಕಾದದ್ದು ನಿಧಾನವಾದರೂ ಅಗ್ಗದ ಬಸ್ಸು. ಮಾತು ನಿಜ. ಅದಕ್ಕೇ ಎರಡನ್ನೂ ಬೇರೆ ಇಡಿ ಅನ್ನುವುದು. ಯಾರು ಹತ್ತುತ್ತಾರೆ ಅಂತ ಊಹಿಸುವಾಗ ಜೇಬು ನೋಡಿ, ಟಿಕೆಟ್ ದರ ಅದಕ್ಕೆ ತಕ್ಕ ಹಾಗೆ ಇಡಿ. ಆ ಪ್ರಯಾಣಕ್ಕೆ ಬೆಲೆ ಕಟ್ಟುವಾಗ ಜೇಬು ನೋಡಬೇಡಿ, ಮನುಷ್ಯನನ್ನು ನೋಡಿ. ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ದರ ಇಡುವಾಗ ಎಲ್ಲರೂ ಸಮಾನರು, ಬೆಲೆ ಕಟ್ಟುವಾಗ ಮಾತ್ರ ಕಾರಿನವನು ದೊಡ್ಡವನು.

ಹಾಗಾದರೆ ಲಾಭದ ಲೆಕ್ಕವೇ ಇಲ್ಲದೆ ರಸ್ತೆ ಮಾಡಿದ್ದು ಇಲ್ಲವಾ? ಇದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, 2000ದ ಡಿಸೆಂಬರ್‌ನಲ್ಲಿ ಶುರುವಾದದ್ದು. ಅಲ್ಲಿ ಶೇ. 12ರ ಪ್ರಶ್ನೆ ಇಲ್ಲ. ಬಯಲುಸೀಮೆಯಲ್ಲಿ 500 ಜನರ ಊರು ಇದ್ದರೆ ರಸ್ತೆ. ಗುಡ್ಡಗಾಡು ರಾಜ್ಯ, ಮರುಭೂಮಿ, ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶವಾದರೆ 250 ಜನ ಸಾಕು. ಒಳ್ಳೆಯ ನಿಯಮ, ದೇಶದ ಲಕ್ಷಾಂತರ ಹಳ್ಳಿಗರ ಬದುಕು ಬದಲಿಸಿದ ನಿಯಮ. ಆದರೆ ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ನಾವು ಗುಡ್ಡಗಾಡು ರಾಜ್ಯವೂ ಅಲ್ಲ. ಹಾಗಾಗಿ ಯೋಜನೆ ಶುರುವಾದಾಗ ಕುಣಬಿಗಳ, ಸಿದ್ದಿಗಳ, ಗೌಳಿಗಳ ಕಾಡಿನ ಹಳ್ಳಿಗೂ ಬಂದದ್ದು ಬಯಲುಸೀಮೆಯ 500ರ ಗೆರೆ. ಚದರ ಕಿಲೋಮೀಟರಿಗೆ 30 ಜನರೂ ಇಲ್ಲದ ಜೊಯಿಡಾದಲ್ಲಿ 500 ಜನ ಒಂದೆಡೆ ಇರುವ ಊರು ಎಷ್ಟು? ಲಾಭದ ಲೆಕ್ಕದಲ್ಲೂ ಸೋಲು, ತಲೆಯೆಣಿಕೆಯಲ್ಲೂ ಸೋಲು.

ಹಾಗಂತ ಹುಲಿ ಕಾಡಿನೊಳಗೆ ಎಲ್ಲ ಕಡೆ ಡಾಂಬರು ಸುರಿಯಿರಿ ಅನ್ನುವ ಮಾತು ಇಲ್ಲ. ಕಾಡು ಉಳಿಯಬೇಕು. ಇರುವ ರಸ್ತೆಯಲ್ಲೇ ಸಣ್ಣ ಬಸ್ಸು ಓಡಿಸಬಹುದಲ್ಲ? ಹಳ್ಳಕ್ಕೆ ಕಾಲುಸಂಕ ಹಾಕಬಹುದಲ್ಲ? ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಬಹುದಲ್ಲ? ಇವು ಕೋಟಿಗಳ ಮಾತಲ್ಲ. ಕೋಟಿಗಳ ಮಾತಲ್ಲ ಅನ್ನುವುದಕ್ಕೇ ಯಾರಿಗೂ ಆಸಕ್ತಿ ಇಲ್ಲವೋ ಏನೋ.

ಸಣ್ಣ ಖರ್ಚು ಎಷ್ಟು ದೊಡ್ಡ ಲಾಭ ತರುತ್ತೆ ಅನ್ನುವುದಕ್ಕೆ ಬಿಹಾರ ಸಾಕ್ಷಿ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಬರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅದರ ಪರಿಣಾಮ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 32 ಹೆಚ್ಚಿತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು ಪರಿಣಾಮ. ಆ ಹುಡುಗಿಯರ ಗಂಟೆಗೆ ಸಂಬಳದ ಬೆಲೆ ಕಟ್ಟಿದ್ದರೆ ಬರುತ್ತಿದ್ದದ್ದು ಸೊನ್ನೆ. ನಮ್ಮ ರಾಜ್ಯವೂ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಿತ್ತು. ಆದರೆ ಘಟ್ಟದ ಏರು ದಾರಿಯಲ್ಲಿ, ಜೂನ್ ಜುಲೈ ಮಳೆಯಲ್ಲಿ ಸೈಕಲ್ ತುಳಿಯುವುದು ಹೇಗೆ? ಜೊಯಿಡಾದ ಹುಡುಗಿಗೆ ಸೈಕಲ್ಲಿನ ಕೆಲಸ ಮಾಡಬೇಕಾದದ್ದು ಬಸ್ಸು.

ಕೊನೆಯದಾಗಿ ಎಣಿಕೆಯ ಮಾತು. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ ಹೋಗ್ತೀರಿ, ಯಾವುದರಲ್ಲಿ ಹೋಗ್ತೀರಿ ಅಂತ ಕೇಳಿದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ನಡೆದೇ ಹೋಗ್ತೇವೆ ಅಂದರು. ಆದರೆ ಆ ಕೋಷ್ಟಕದಲ್ಲಿ ರೈತರಿಲ್ಲ, ಕೃಷಿ ಕೂಲಿಗಳಿಲ್ಲ. ಅಂದರೆ ಹಳಿಯಾಳದ ಗದ್ದೆಗೆ ಕಳೆ ಕೀಳಲು ಹೋಗುವವಳು, ಮುಂಡಗೋಡದ ಜೋಳದ ಹೊಲಕ್ಕೆ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡು ಹೋಗುವವನು, ಯಾರೂ ಇಲ್ಲ. ಎಣಿಸದವರಿಗೆ ಬಸ್ಸು ಎಲ್ಲಿಂದ ಬರುತ್ತೆ? ಮುಂದಿನ ಜನಗಣತಿ 2027ಕ್ಕೆ ನಿಗದಿಯಾಗಿದೆ. ಈ ಸಲವಾದರೂ ಅವರನ್ನು ಕೇಳಿ.

ಈ ಭಾಗದ ಜನಪ್ರತಿನಿಧಿಗಳಿಗೆ, ಲೋಕೋಪಯೋಗಿ ಇಲಾಖೆಗೆ, ಹುಬ್ಬಳ್ಳಿಯಲ್ಲಿ ಕೂತ ವಾಯವ್ಯ ಸಾರಿಗೆ ಸಂಸ್ಥೆಗೆ ಮೂರೇ ಕೋರಿಕೆ. ಯೋಜನಾ ವರದಿಯಲ್ಲಿ ಉಳಿಯುವ ಹಣದ ಜೊತೆ, ಯಾರ ಎಷ್ಟು ಗಂಟೆ ಉಳಿಯುತ್ತೆ ಅಂತಲೂ ಬರೆಯಿರಿ: ಕಾರಿನವರದು ಎಷ್ಟು, ಬಸ್ಸಿನವರದು ಎಷ್ಟು, ನಡೆಯುವವರದು ಎಷ್ಟು. ಎಲ್ಲರ ಗಂಟೆಗೂ ಒಂದೇ ಬೆಲೆ ಹಾಕಿ ಒಮ್ಮೆ ಲೆಕ್ಕ ಮಾಡಿ, ಉತ್ತರ ಬದಲಾದರೆ ಜನರಿಗೆ ಹೇಳಿ. ರಸ್ತೆಯಲ್ಲಿ ನಿಂತು ವಾಹನ ಎಣಿಸುವ ಜೊತೆಗೆ ಹಳ್ಳಿಗೆ ಹೋಗಿ, "ಹೋದ ತಿಂಗಳು ಎಲ್ಲಿಗೆ ಹೋಗಬೇಕಾಗಿತ್ತು, ಯಾಕೆ ಹೋಗಲಿಲ್ಲ" ಅಂತ ಕೇಳಿ.

ವೀಕ್ಷಕರೇ, ನಿಮಗೂ ಒಂದು ಕೆಲಸ. ಮುಂದಿನ ಸಲ ನಿಮ್ಮ ಊರಿಗೆ ನೂರಾರು ಕೋಟಿಯ ಯೋಜನೆ ಅಂತ ಭಾಷಣ ಮಾಡಿದಾಗ ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಕೇಳಿ: ಸಾಹೇಬ್ರೇ, ಇದರಲ್ಲಿ ನಮ್ಮ ಗಂಟೆಗೆ ಎಷ್ಟು ಬೆಲೆ ಹಾಕಿದ್ದೀರಿ?

ದೇವರು ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಕೊಡುವಾಗ ಯಾರ ಜೇಬನ್ನೂ ನೋಡಲಿಲ್ಲ. ಸರ್ಕಾರವೂ ನೋಡದಿರಲಿ.